ಹುಡುಗನ ಕೈಗೆ ಲೋಟ ಕೊಟ್ಟವರು ಯಾರು?

ಕಳೆದ ಅಡಿಕೆ ಕೊಯ್ಲಿನ ಕಾಲದಲ್ಲಿ ಒಂದು ಸಂಜೆ ತಾಯಿಯೊಬ್ಬರು ನಮ್ಮ ಪತ್ರಿಕೆಯ ಕಚೇರಿಗೆ ಬಂದರು. ಜತೆಯಲ್ಲಿ ಅವರ ಮಗ, ಹದಿನೇಳು ವರ್ಷದವನು. ಬಲಗೈಗೆ ಮೊಣಕೈಯಿಂದ ಬೆರಳ ತುದಿಯವರೆಗೆ ಪಟ್ಟಿ ಕಟ್ಟಿತ್ತು. ಅಡಿಕೆ ಮರದಿಂದ ಬಿದ್ದವನು. ಬದುಕಿದ್ದೇ ಹೆಚ್ಚು. ಆಸ್ಪತ್ರೆಯ ಖರ್ಚು ಕೊಡಲು ಫಸಲು ಗುತ್ತಿಗೆ ಹಿಡಿದವನು ಒಪ್ಪಲಿಲ್ಲವಂತೆ. "ಕುಡಿದು ಮರ ಹತ್ತಿದರೆ ನಾನೇನು ಮಾಡ್ಲಿ" ಎಂದನಂತೆ. ಇದನ್ನು ಕೇಳಿದ ಕೂಡಲೇ ನಾವು ಕಾಗದ ಎಳೆದುಕೊಂಡೆವು. ದುಡಿಯುವವನ ಕೈ ಮುರಿದ ಮೇಲೆ ಅವನ ಶೀಲದ ಮೇಲೆ ಮಾತು ತೆಗೆದು ಹಣ ಉಳಿಸಿಕೊಳ್ಳುವುದು ಯಜಮಾನ ವರ್ಗದ ಹಳೆಯ ಚಾಳಿ. ಅದರ ಮೇಲೆ ಎಷ್ಟು ಲೇಖನಗಳನ್ನು ಬೇಕಾದರೂ ಬರೆದೇವು.

ಆದರೆ ಆ ತಾಯಿ ನಮ್ಮ ಕೈ ತಡೆದರು. "ಅಣ್ಣಾ, ಅವರು ಹೇಳಿದ್ದು ಸುಳ್ಳಲ್ಲ. ಇವನು ಕುಡಿದಿದ್ದ. ಖರ್ಚಿನದು ಹೆಂಗಾದ್ರೂ ಆಗ್ಲಿ. ಇವನು ಬಿಡೋ ಹಂಗೆ ಏನಾದ್ರೂ ದಾರಿ ಇದ್ರೆ ಹೇಳಿ. ಪೇಪರಿನಲ್ಲಿ ಹೆಸರು ಮಾತ್ರ ಹಾಕಬೇಡಿ" ಎಂದರು. ಹುಡುಗ ನೆಲ ನೋಡುತ್ತ ಕುಳಿತಿದ್ದ.

ನಾವು ಹೆಸರು ಹಾಕುವುದಿಲ್ಲ. ಊರನ್ನೂ ಹೇಳುವುದಿಲ್ಲ. ಆದರೆ ಅವನು ಅಂದು ತಲೆ ತಗ್ಗಿಸಿಕೊಂಡೇ ಹೇಳಿದ್ದನ್ನು ಅವನ ಅನುಮತಿ ಪಡೆದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲ ಸಲ ಕುಡಿದದ್ದು ಯಾವಾಗ ಎಂದು ಕೇಳಿದೆವು. 2023ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಎಂದ. ಆಗ ಅವನಿಗೆ ಹದಿನಾಲ್ಕು ವರ್ಷ. ಬಾವುಟ ಹಿಡಿದು ಮೆರವಣಿಗೆಯಲ್ಲಿ ಹೋದರೆ ಸಂಜೆ ಊಟ, ಇನ್ನೂರು ರೂಪಾಯಿ, ಒಂದು ಪ್ಯಾಕೆಟ್ಟು. ಯಾವ ಪಕ್ಷದ ಮೆರವಣಿಗೆ ಎಂದು ಕೇಳಿದೆವು. "ಮೂರು ಕಡೆಗೂ ಹೋಗಿದ್ದೆ" ಎಂದ. ಎರಡನೆಯ ಸಲ ಅಕ್ಕನ ಮದುವೆಯ ಬೀಗರೂಟದಲ್ಲಿ, ಚಿಕ್ಕಪ್ಪನ ಕೈಯಿಂದಲೇ. "ಇನ್ನು ನೀನೂ ಗಂಡಸಾದೆ" ಎಂದು ಎಲ್ಲರೂ ನಕ್ಕರಂತೆ. ಆಮೇಲೆ ಗಣಪತಿ ಬಿಡುವ ದಿನ. ಆಮೇಲೆ ಕೊಯ್ಲಿನ ಕೆಲಸಕ್ಕೆ ಸೇರಿದ. ಅಲ್ಲಿ ಫಸಲು ಗುತ್ತಿಗೆಯವನು ಪ್ರತಿ ಸಂಜೆ ಕೂಲಿಯ ಜತೆಗೆ ತೊಂಬತ್ತರ ಪ್ಯಾಕೆಟ್ಟು ಒಂದನ್ನು ಕೈಗಿಡುತ್ತಿದ್ದ. ವಾರದ ಬಟವಾಡೆಯಲ್ಲಿ ಅದರ ಬೆಲೆಯನ್ನು ಮುರಿದುಕೊಳ್ಳುತ್ತಿದ್ದ. ಸಂಜೆಯದು ಬೆಳಗಿಗೂ ಬಂತು. ಕೈ ನಡುಗುವುದು ನಿಲ್ಲಲೆಂದು ಬೆಳಿಗ್ಗೆ ಅರ್ಧ ಪ್ಯಾಕೆಟ್ಟು ಕುಡಿದು ಮರ ಹತ್ತಿದ ದಿನ ಬಿದ್ದ.

ಈ ಲೆಕ್ಕದಲ್ಲಿ ಎಷ್ಟು ಜನರ ಕೈಯಿದೆ, ಓದುಗರು ಎಣಿಸಿ ನೋಡಬೇಕು. ಅಭ್ಯರ್ಥಿ, ಚಿಕ್ಕಪ್ಪ, ಗಣಪತಿ ಉತ್ಸವದ ಹಿರಿಯರು, ಫಸಲು ಗುತ್ತಿಗೆಯವನು, ಅಂಗಡಿಯವನು, ಅಂಗಡಿಗೆ ಲೈಸೆನ್ಸು ಕೊಟ್ಟ ಸರ್ಕಾರ. ಹುಡುಗ ತಾನಾಗಿ ಹುಡುಕಿಕೊಂಡು ಹೋಗುವ ಮೊದಲೇ ನಾಲ್ಕು ಸಲ ಲೋಟ ಅವನ ಕೈಗೆ ಬಂದಿತ್ತು. ಕೊನೆಗೆ ಮರದಿಂದ ಬಿದ್ದಾಗ ಮಾತ್ರ ತಪ್ಪೆಲ್ಲ ಅವನೊಬ್ಬನದಾಯಿತು. ಎಳೆಯರ ಕುಡಿತದ ಫಲವನ್ನು ಉಣ್ಣುವವರು ಎಳೆಯರೇ. ಆದರೆ ಬಿತ್ತಿದವರು ಅವರಲ್ಲ. ನಾವು ಈ ವಾರ ಹೇಳಬೇಕಾಗಿರುವುದು ಇದೊಂದನ್ನೇ.

ಒಂದು ಪ್ಯಾಕೆಟ್ಟಿನ ಲೆಕ್ಕ

"ಒಂದು ತೊಂಬತ್ತಕ್ಕೆ ಏನಾಗುತ್ತೆ" ಎನ್ನುವವರು ನಮ್ಮಲ್ಲಿ ಬಹಳ. ಲೆಕ್ಕ ಹಾಕೋಣ. 90 ಮಿಲಿ ಲೀಟರಿನ ಪ್ಯಾಕೆಟ್ಟಿನಲ್ಲಿರುವ ವಿಸ್ಕಿ, ರಮ್ಮು, ಬ್ರಾಂದಿಗಳಲ್ಲಿ ನೂರಕ್ಕೆ 42.8 ಭಾಗ ಮದ್ಯಸಾರ. ಅಂದರೆ ಆ ಪ್ಯಾಕೆಟ್ಟಿನಲ್ಲಿ ಸುಮಾರು 30 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. 45 ಕಿಲೋ ತೂಗುವ ಹುಡುಗನೊಬ್ಬ ಅದನ್ನು ಒಂದೇ ಉಸಿರಿಗೆ ಕುಡಿದರೆ ಅವನ 100 ಮಿಲಿ ಲೀಟರ್ ರಕ್ತದಲ್ಲಿ ಮದ್ಯಸಾರ 100 ಮಿಲಿ ಗ್ರಾಂ ಹತ್ತಿರ ಬರುತ್ತದೆ. ನಮ್ಮ ಮೋಟಾರು ವಾಹನ ಕಾಯಿದೆ ವಾಹನ ನಡೆಸುವ ವಯಸ್ಕನಿಗೆ ಇಟ್ಟಿರುವ ಮಿತಿ 30 ಮಿಲಿ ಗ್ರಾಂ. ಒಂದೇ ಪ್ಯಾಕೆಟ್ಟಿಗೆ ಹುಡುಗ ಆ ಮಿತಿಯ ಮೂರು ಪಟ್ಟು ದಾಟುತ್ತಾನೆ. ಆ ಸ್ಥಿತಿಯಲ್ಲಿ ಅವನು ಬೈಕು ಹತ್ತುತ್ತಾನೆ, ಕೆರೆಗೆ ಈಜಲು ಇಳಿಯುತ್ತಾನೆ, ಮರ ಹತ್ತುತ್ತಾನೆ.

ದೊಡ್ಡವರ ದೇಹಕ್ಕೂ ಮದ್ಯ ವಿಷವೇ. ಅದು ಕ್ಯಾನ್ಸರಿಗೆ ಕಾರಣವೆಂಬುದು 1988ರಿಂದಲೂ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿದೆ. ಆರೋಗ್ಯಕ್ಕೆ ಅಪಾಯವಿಲ್ಲದ ಪ್ರಮಾಣವೆಂಬುದೇ ಇಲ್ಲವೆಂದು ಅದೇ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿತು. ಆದರೆ ಎಳೆಯ ದೇಹಕ್ಕೆ ಆಗುವ ಹಾನಿ ಬೇರೆಯ ರೀತಿಯದು. ಮನುಷ್ಯನ ಮೆದುಳು ಹುಟ್ಟುವಾಗಲೇ ಪೂರ್ತಿಯಾಗಿ ಬಂದಿರುವುದಿಲ್ಲ, ಹದಿನೆಂಟಕ್ಕೂ ಪೂರ್ತಿಯಾಗುವುದಿಲ್ಲ. ಸುಮಾರು 25 ವರ್ಷದವರೆಗೆ ಅದು ಕಟ್ಟಿಕೊಳ್ಳುತ್ತಲೇ ಇರುತ್ತದೆ. ಎಲ್ಲಕ್ಕಿಂತ ಕೊನೆಗೆ ಬಲಿಯುವುದು ಹಣೆಯ ಹಿಂದಿನ ಭಾಗ. ಮುಂದೇನಾದೀತು ಎಂದು ಯೋಚಿಸುವುದು, ಸಿಟ್ಟನ್ನು ತಡೆಯುವುದು, "ಬೇಡ" ಎನ್ನುವುದು, ಇವೆಲ್ಲ ಅದರ ಕೆಲಸ. ಮನೆಯ ಗೋಡೆ ಇನ್ನೂ ಹಸಿಯಾಗಿರುವಾಗ ಮಳೆ ಹೊಡೆದರೆ ಏನಾಗುತ್ತದೆ ಎಂಬುದನ್ನು ಮಲೆನಾಡಿನವರಿಗೆ ನಾವು ವಿವರಿಸಬೇಕಾಗಿಲ್ಲ. ನೆನಪನ್ನು ಕೂಡಿಡುವ ಭಾಗಕ್ಕೂ ಈ ವಯಸ್ಸಿನಲ್ಲಿ ಪೆಟ್ಟು ಬೀಳುತ್ತದೆ. ಓದಿದ್ದು ನಿಲ್ಲುವುದಿಲ್ಲ. ಮೇಷ್ಟರು ದಡ್ಡ ಎನ್ನುತ್ತಾರೆ. ಹುಡುಗನೂ ಅದನ್ನೇ ನಂಬುತ್ತಾನೆ.

ಇನ್ನೊಂದು ಮೋಸವಿದೆ. "ನನಗೆ ಎಷ್ಟು ಕುಡಿದರೂ ಏರುವುದಿಲ್ಲ" ಎಂದು ಹುಡುಗರು ಎದೆಯುಬ್ಬಿಸುತ್ತಾರೆ. ಗೆಳೆಯರು ಅದನ್ನು ಪೌರುಷವೆಂದು ಹೊಗಳುತ್ತಾರೆ. ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಕಂಡುಬಂದದ್ದೇನೆಂದರೆ, ಎಳೆಯ ಪ್ರಾಣಿಗೆ ಮಂಪರು ಮತ್ತು ತೂರಾಟ ಬೇಗ ಬರುವುದಿಲ್ಲ. ಆದರೆ ನೆನಪಿಗೆ ಆಗುವ ಹಾನಿ ಹೆಚ್ಚು. ದೊಡ್ಡವನಿಗೆ "ಸಾಕು" ಎಂದು ದೇಹವೇ ಹೇಳುತ್ತದೆ. ಎಳೆಯನಿಗೆ ಆ ಎಚ್ಚರಿಕೆ ತಡವಾಗಿ ಬರುತ್ತದೆ. ಹಾಗೆಯೇ, ಹರೆಯದಲ್ಲಿ ಬಹಳ ಕುಡಿದರೂ ಅಲುಗಾಡದವರೇ ಮುಂದೆ ಚಟಕ್ಕೆ ಬೀಳುವುದು ಹೆಚ್ಚೆಂದು ವೈದ್ಯರು ಬಹುಕಾಲದ ಪರಿಶೀಲನೆಯಿಂದ ಕಂಡುಕೊಂಡಿದ್ದಾರೆ. ಹೆಮ್ಮೆಪಡುವ ಗುಣವೆಂದು ತಿಳಿದದ್ದೇ ಹೆದರಬೇಕಾದ ಲಕ್ಷಣ.

ಬೇಗ ಶುರುಮಾಡಿದವನು ಬೇಗ ಬಿಟ್ಟಾನು ಎಂಬ ಮಾತೂ ನಮ್ಮ ಹಳ್ಳಿಗಳಲ್ಲಿದೆ. ಅದು ಪೂರಾ ತಪ್ಪು. ಅಮೆರಿಕದಲ್ಲಿ ಸಾವಿರಾರು ಜನರನ್ನು ವಿಚಾರಿಸಿ 1997ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, 15 ವರ್ಷ ತುಂಬುವ ಮೊದಲೇ ಕುಡಿಯಲು ಆರಂಭಿಸಿದವರಲ್ಲಿ ನೂರಕ್ಕೆ ಸುಮಾರು 40 ಮಂದಿ ಬದುಕಿನ ಒಂದಲ್ಲ ಒಂದು ಘಟ್ಟದಲ್ಲಿ ಮದ್ಯಕ್ಕೆ ದಾಸರಾದರು. ಇಪ್ಪತ್ತು ದಾಟಿದ ಮೇಲೆ ಆರಂಭಿಸಿದವರಲ್ಲಿ ಆ ಸಂಖ್ಯೆ ಸುಮಾರು 10. ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರ ಮಾಡಿಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯು 10ರಿಂದ 17 ವರ್ಷದ ಮಕ್ಕಳಲ್ಲಿ ನೂರಕ್ಕೆ 1.3ರಷ್ಟು ಮಂದಿ ಕುಡಿಯುತ್ತಾರೆಂದು ಲೆಕ್ಕ ಹಾಕಿತು. ನೂರಕ್ಕೆ ಒಂದು ಚಿಲ್ಲರೆಯೇ ಅಲ್ಲವೇ ಎಂದು ಯಾರೂ ಸಮಾಧಾನಪಟ್ಟುಕೊಳ್ಳಬಾರದು. ನಮ್ಮ ದೇಶದ ಜನಸಂಖ್ಯೆಯಲ್ಲಿ ಅದು ಲಕ್ಷಗಟ್ಟಲೆ ಮಕ್ಕಳ ಮಾತು.

ಒಳಗಿನ ಹಾನಿ

ಮೆದುಳು, ಯಕೃತ್ತುಗಳ ಮಾತನ್ನು ಡಾಕ್ಟರರು ನಮಗಿಂತ ಚೆನ್ನಾಗಿ ಹೇಳಿಯಾರು. ಹುಡುಗನ ಬಾಳಿನ ಒಳಗೆ ಏನಾಗುತ್ತದೆ ಎಂಬುದನ್ನು ನೆರೆಹೊರೆಯವರಾದ ನಾವು ಹೇಳಬಲ್ಲೆವು.

ಮೊದಲು ಹೋಗುವುದು ನಿಜ ಹೇಳುವ ಅಭ್ಯಾಸ. ಎಲ್ಲಿಗೆ ಹೋಗಿದ್ದೆ ಎಂದರೆ ಒಂದು ಸುಳ್ಳು, ಬಾಯಲ್ಲಿ ಏನು ವಾಸನೆ ಎಂದರೆ ಇನ್ನೊಂದು. ಆಮೇಲೆ ತಾಯಿಯ ಡಬ್ಬಿಯಿಂದ ಹತ್ತು ರೂಪಾಯಿ, ಸಂಘದ ಕಂತಿಗೆಂದು ಇಟ್ಟದ್ದರಲ್ಲಿ ಐವತ್ತು. ಕದ್ದವನಿಗೆ ತಾನು ಕಳ್ಳನೆಂಬುದು ಗೊತ್ತಿರುತ್ತದೆ. ಆ ನಾಚಿಕೆಯನ್ನು ಮರೆಯಲು ಮತ್ತೆ ಕುಡಿಯುತ್ತಾನೆ. ನಂತರ ನಿದ್ದೆ ಹೋಗುತ್ತದೆ. ಕುಡಿದರೆ ಚೆನ್ನಾಗಿ ನಿದ್ದೆ ಬರುತ್ತದೆ ಎಂಬುದು ಅರ್ಧ ಸತ್ಯ. ಮದ್ಯ ಬೇಗ ಮಲಗಿಸುತ್ತದೆ, ನಡುರಾತ್ರಿ ಎಬ್ಬಿಸುತ್ತದೆ. ಬೆಳಿಗ್ಗೆ ಎದ್ದವನಿಗೆ ದಣಿವು ಇಳಿದಿರುವುದಿಲ್ಲ. ಶಾಲೆಗೆ ಹೋಗುವವನಾದರೆ ಹಿಂದಿನ ಬೆಂಚು, ಕೆಲಸಕ್ಕೆ ಹೋಗುವವನಾದರೆ ಅರ್ಧ ಕೂಲಿ. ಆಮೇಲೆ ಹಳೆಯ ಗೆಳೆಯರು ಹೋಗುತ್ತಾರೆ. ಕಬಡ್ಡಿ ಆಡುತ್ತಿದ್ದವರು ದೂರವಾಗುತ್ತಾರೆ, ಕುಡಿಯುವವರು ಮಾತ್ರ ಉಳಿಯುತ್ತಾರೆ. ಅವರನ್ನೂ ಬಿಟ್ಟರೆ ಅವನು ಒಂಟಿ. ಆದ್ದರಿಂದಲೇ ಬಿಡಬೇಕೆಂದಿದ್ದರೂ ಬಿಡಲಾರ. ಮನಸ್ಸು ಕುಗ್ಗಿದಾಗ ಮದ್ಯ ಧೈರ್ಯ ಕೊಡುತ್ತದೆ ಎಂದು ಕುಡಿದವನನ್ನು ಅದು ಇನ್ನಷ್ಟು ಕುಗ್ಗಿಸುತ್ತದೆ. ತಡೆಯುವ ಬುದ್ಧಿಯನ್ನು ಕಳೆದು, ಒಂದು ಗಳಿಗೆಯ ದುಃಖದಲ್ಲಿ ತಿದ್ದಲಾಗದ ಕೆಲಸ ಮಾಡಿಸುತ್ತದೆ. ಇದನ್ನು ಬಿಡಿಸಿ ಬರೆಯಲು ನಮ್ಮ ಲೇಖನಿ ಏಳುವುದಿಲ್ಲ. ಪ್ರತಿ ತಾಲ್ಲೂಕಿನಲ್ಲೂ ಅಂಥ ಮನೆಗಳಿವೆ.

ಹುಡುಗಿಯರ ಮಾತನ್ನೂ ಆಡಬೇಕು. ಕುಡಿಯುವ ಹುಡುಗ ಸಿಕ್ಕಿಬಿದ್ದರೆ ಎರಡು ಏಟು. ವಾರದಲ್ಲಿ ಎಲ್ಲರೂ ಮರೆಯುತ್ತಾರೆ. ಹುಡುಗಿಯೊಬ್ಬಳು ಒಂದು ಸಲ ಬಾಯಿಗೆ ಮುಟ್ಟಿಸಿದ್ದು ತಿಳಿದರೆ ಕಾಲೇಜು ಬಿಡಿಸಿ ಸಿಕ್ಕಿದ ಗಂಡಿಗೆ ಕಟ್ಟುತ್ತಾರೆ. ಆಕೆಗೆ ಮದ್ಯದಿಂದ ಆದ ಹಾನಿಗಿಂತ ಮಾನದ ಹೆಸರಿನಲ್ಲಿ ಆದ ಹಾನಿಯೇ ಹೆಚ್ಚಾಗುತ್ತದೆ. ಕುಡಿತ ಇಬ್ಬರಿಗೂ ಕೇಡು; ಶಿಕ್ಷೆ ಮಾತ್ರ ಒಬ್ಬಳಿಗೆ. ಈ ನ್ಯಾಯವನ್ನು ನಾವು ಒಪ್ಪುವುದಿಲ್ಲ.

ಹುಡುಗನನ್ನು ಹೊಡೆದು ಸರಿಪಡಿಸುವೆವೆಂದು ತಂದೆ ತಾಯಿಗಳು ನಂಬಿದ್ದಾರೆ. ತಾನು ಕುಡಿದು ಬಂದ ತಂದೆಯೇ ಕುಡಿದ ಮಗನನ್ನು ಕಂಬಕ್ಕೆ ಕಟ್ಟಿ ಹೊಡೆದುದನ್ನು ನಾವು ಬಲ್ಲೆವು. ಪೆಟ್ಟು ತಿಂದ ಹುಡುಗ ಬಿಡುವುದಿಲ್ಲ. ಇನ್ನಷ್ಟು ದೂರ ಹೋಗಿ ಕುಡಿಯುತ್ತಾನೆ. ಅಲ್ಲಿ ಬಿದ್ದರೆ ಎತ್ತುವವರಿರುವುದಿಲ್ಲ. ಆದ್ದರಿಂದ ಒಂದು ಮಾತನ್ನು ಎಲ್ಲರೂ ತಿಳಿದಿರಬೇಕು. ಕುಡಿದ ಹುಡುಗ ಎಚ್ಚರ ತಪ್ಪಿದ್ದರೆ ಅವನನ್ನು ಮಗ್ಗುಲಿಗೆ ಮಲಗಿಸಿ, ವಾಂತಿ ಉಸಿರಿಗೆ ಅಡ್ಡವಾಗದಂತೆ ನೋಡಿಕೊಂಡು, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. 108ಕ್ಕೆ ಫೋನು ಮಾಡಬೇಕು. ಬಾಯಿಗೆ ಮಜ್ಜಿಗೆ, ನಿಂಬೆರಸ ಹುಯ್ಯುವುದು, ಬಾವಿಯ ಕಟ್ಟೆಯಲ್ಲಿ ಕೂರಿಸಿ ತಣ್ಣೀರು ಸುರಿಯುವುದು ಅಪಾಯ. ಹಸಿದ ಹೊಟ್ಟೆಯಲ್ಲಿ ಕುಡಿದ ಎಳೆಯರ ರಕ್ತದಲ್ಲಿ ಸಕ್ಕರೆ ಇದ್ದಕ್ಕಿದ್ದಂತೆ ಇಳಿದುಹೋಗುತ್ತದೆ. "ನಿದ್ದೆ ಮಾಡಲಿ ಬಿಡಿ, ಬೆಳಿಗ್ಗೆ ಏಳುತ್ತಾನೆ" ಎಂದು ಬಿಟ್ಟರೆ ಕೆಲವರು ಏಳುವುದೇ ಇಲ್ಲ.

ಕಾನೂನು ಇದೆ, ಗಲ್ಲೆಯ ಆಚೆಗಿದೆ

ಇನ್ನು ಕಾನೂನಿನ ಮಾತು. 1965ರ ಕರ್ನಾಟಕ ಅಬಕಾರಿ ಕಾಯಿದೆಯಲ್ಲಿ 18 ವರ್ಷದ ಒಳಗಿನವರಿಗೆ ಮದ್ಯ ಮಾರುವುದು ಅಪರಾಧ. 1967ರ ನಿಯಮಗಳಲ್ಲಿ ಆ ವಯಸ್ಸು 21. ಈ ವ್ಯತ್ಯಾಸವನ್ನು ಸರಿಪಡಿಸುವ ನೆಪದಲ್ಲಿ 2023ರ ಜನವರಿಯಲ್ಲಿ ಸರ್ಕಾರ 21ನ್ನು 18ಕ್ಕೆ ಇಳಿಸುವ ಕರಡು ಹೊರಡಿಸಿತು. ಕಾಯಿದೆಯ 18ನ್ನು 21ಕ್ಕೆ ಏರಿಸಿದರೂ ವ್ಯತ್ಯಾಸ ಹೋಗುತ್ತಿತ್ತು ಎಂಬುದು ಸರ್ಕಾರಕ್ಕೆ ಹೊಳೆಯಲಿಲ್ಲ. ಜನರ ವಿರೋಧ ಬಂದ ಮೇಲೆ ಕರಡನ್ನು ವಾಪಸು ತೆಗೆದುಕೊಂಡರು. ಅಷ್ಟರ ಮಟ್ಟಿಗೆ ಜನ ಗೆದ್ದರು.

ಅಬಕಾರಿ ಕಾಯಿದೆಗಿಂತ ಕಠಿಣವಾದ ಇನ್ನೊಂದು ಕಾನೂನಿದೆ. ಅದು 2015ರ ಬಾಲನ್ಯಾಯ ಕಾಯಿದೆ. ಅದರ 77ನೆಯ ಕಲಮಿನ ಪ್ರಕಾರ, ವೈದ್ಯರ ಆದೇಶವಿಲ್ಲದೆ 18 ವರ್ಷದೊಳಗಿನ ಮಗುವಿಗೆ ಮದ್ಯ ಕೊಟ್ಟವನಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ಜುಲ್ಮಾನೆ. ಮದ್ಯವನ್ನು ಮಾರಲು ಅಥವಾ ಸಾಗಿಸಲು ಮಗುವನ್ನು ಬಳಸಿಕೊಂಡವನಿಗೂ 78ನೆಯ ಕಲಮಿನಲ್ಲಿ ಅದೇ ಶಿಕ್ಷೆ. ಕೂಲಿಯ ಜತೆ ಪ್ಯಾಕೆಟ್ಟು ಕೊಟ್ಟ ಆ ಫಸಲು ಗುತ್ತಿಗೆಯವನು, ಬೀಗರೂಟದ ಚಿಕ್ಕಪ್ಪ, ಮೆರವಣಿಗೆಯ ಮುಖಂಡ, ಎಲ್ಲರೂ ಈ ಕಲಮಿನ ಒಳಗೆ ಬರುತ್ತಾರೆ. ಇವರಲ್ಲಿ ಒಬ್ಬನನ್ನಾದರೂ ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲಿಸಿದ್ದನ್ನು ನಾವು ಕಂಡಿಲ್ಲ. ಕುಡಿದ ಹುಡುಗನಿಗೆ ಠಾಣೆಯಲ್ಲಿ ನಾಲ್ಕು ಬಿಗಿದದ್ದನ್ನು ಮಾತ್ರ ಕಂಡಿದ್ದೇವೆ.

ಶಾಲೆ, ದೇವಸ್ಥಾನಗಳಿಂದ 100 ಮೀಟರಿನೊಳಗೆ ಮದ್ಯದಂಗಡಿ ಇರಕೂಡದೆಂದು ನಿಯಮವಿದೆ. ಆದರೆ ಲೈಸೆನ್ಸಿನ ಅಂಗಡಿಯಿಂದ ಪೆಟ್ಟಿಗೆಗಟ್ಟಲೆ ಪ್ಯಾಕೆಟ್ಟು ಹಳ್ಳಿಗೆ ಬರುತ್ತದೆ. ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಬೀಡಿ, ಬಿಸ್ಕತ್ತುಗಳ ಹಿಂದೆ ಕೂರುತ್ತದೆ. ಆ ಅಂಗಡಿಗೆ ಶಾಲೆ ಎಷ್ಟು ದೂರವೆಂದು ಅಳೆಯಲು ಯಾವ ಇನ್ಸ್‌ಪೆಕ್ಟರನೂ ಟೇಪು ಹಿಡಿದು ಬರುವುದಿಲ್ಲ. ಅಪ್ಪನಿಗೆಂದು ಪ್ಯಾಕೆಟ್ಟು ತರಲು ಏಳನೇ ಕ್ಲಾಸಿನ ಹುಡುಗ ಹೋಗುತ್ತಾನೆ, ಅಂಗಡಿಯವನು ಕೊಡುತ್ತಾನೆ. ವಯಸ್ಸು ಕೇಳುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಮದುವೆಗೂ ಕಡಿಮೆ, ಮದ್ಯಕ್ಕಂತೂ ಇಲ್ಲವೇ ಇಲ್ಲ.

ಈ ಪ್ಯಾಕೆಟ್ಟೂ ಸಾಮಾನ್ಯದ ವಸ್ತುವಲ್ಲ. ನೋಡಲು ಹಣ್ಣಿನ ರಸದ ಡಬ್ಬಿಯಂತೆ. ಸದ್ದಿಲ್ಲ, ಒಡೆಯುವುದಿಲ್ಲ, ಚಡ್ಡಿಯ ಜೇಬಿನಲ್ಲಿ, ಪುಸ್ತಕದ ಚೀಲದಲ್ಲಿ ಹಿಡಿಸುತ್ತದೆ. 2025ರ ನವೆಂಬರಿನಲ್ಲಿ ಎರಡು ಮದ್ಯ ಕಂಪನಿಗಳ ಹೆಸರಿನ ವ್ಯಾಜ್ಯವನ್ನು ಕೇಳುತ್ತಿದ್ದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ಈ ಡಬ್ಬಿಯನ್ನು ಕಂಡು ಇದನ್ನು ಮಕ್ಕಳು ಶಾಲೆಗೂ ಒಯ್ಯಬಹುದಲ್ಲ ಎಂದು ಕಳವಳಪಟ್ಟರು. ನ್ಯಾಯಮೂರ್ತಿಗಳಿಗೆ ಅಂದು ಕಂಡದ್ದು ನಮ್ಮ ಜವಾನರಿಗೆ, ಶಾಲೆಯ ಕಸ ಗುಡಿಸುವವರಿಗೆ ಎಂದೋ ಗೊತ್ತಿತ್ತು.

ಬೊಕ್ಕಸದ ಬಾಯಾರಿಕೆ

ಸರ್ಕಾರ ಏಕೆ ಸುಮ್ಮನಿದೆ? ಉತ್ತರ ಆಯವ್ಯಯ ಪತ್ರದಲ್ಲಿದೆ. 2025-26ರಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂದು ರಾಜ್ಯ ಸರ್ಕಾರ ಗುರಿ ಇಟ್ಟುಕೊಂಡಿತು. ಗುರಿ ಎಂಬ ಮಾತನ್ನು ಗಮನಿಸಬೇಕು. ಅಕ್ಷರಸ್ಥರ ಸಂಖ್ಯೆಗೆ ಗುರಿಯಿಡಬಹುದು, ಭತ್ತದ ಇಳುವರಿಗೆ ಗುರಿಯಿಡಬಹುದು. ಜನ ಇಷ್ಟು ಕುಡಿಯಲೇಬೇಕೆಂದು ಗುರಿಯಿಟ್ಟ ಮೇಲೆ ಅಬಕಾರಿ ಅಧಿಕಾರಿ ಅಂಗಡಿಯವನ ಬಾಗಿಲಿಗೆ ಹೋಗಿ ಹುಡುಗರಿಗೆ ಮಾರಬೇಡ ಎಂದು ಯಾವ ಬಾಯಲ್ಲಿ ಹೇಳಿಯಾನು? ಅದೇ ಆಯವ್ಯಯದ ಮೇಲೆ 2025ರ ಮಾರ್ಚಿನಲ್ಲಿ ಚರ್ಚೆ ನಡೆದಾಗ ಶಾಸಕರೊಬ್ಬರು, ಕುಡಿಯುವ ಗಂಡಸರಿಗೆ ವಾರಕ್ಕೆ ಎರಡು ಬಾಟಲಿ ಉಚಿತವಾಗಿ ಕೊಡಬೇಕೆಂದು ವಿಧಾನಸಭೆಯಲ್ಲಿ ಎದ್ದು ನಿಂತು ಕೇಳಿದರು. ಮಕ್ಕಳು ಇದನ್ನೆಲ್ಲ ಕೇಳಿಸಿಕೊಳ್ಳುತ್ತಾರೆ ಎಂಬುದು ಅವರಿಗೆ ನೆನಪಿರಲಿಲ್ಲವೆಂದು ಕಾಣುತ್ತದೆ.

ಇನ್ನೊಂದು ವಿಚಿತ್ರ. ಎಂ.ಎಸ್.ಐ.ಎಲ್. ಎಂಬುದು ನಮ್ಮ ರಾಜ್ಯ ಸರ್ಕಾರದ ಒಂದು ಸಂಸ್ಥೆ. ಮಕ್ಕಳು ಬರೆಯುವ ನೋಟ್ ಪುಸ್ತಕಗಳನ್ನು ಮಾರಿ ಹೆಸರು ಪಡೆದದ್ದು. ಇಂದು ರಾಜ್ಯದ ಊರೂರುಗಳಲ್ಲಿ ಅದೇ ಸಂಸ್ಥೆಯ ಬೋರ್ಡು ಹೊತ್ತ ಮದ್ಯದ ಮಳಿಗೆಗಳಿವೆ. 2003ರಿಂದ ರಾಜ್ಯದ ಮದ್ಯದ ಸಗಟು ವ್ಯಾಪಾರವೂ ಸರ್ಕಾರದ ನಿಗಮವೊಂದರ ಕೈಯಲ್ಲಿದೆ. ನಾವು ಸಮಾಜವಾದಿಗಳು. ಉದ್ದಿಮೆಗಳು ಸಮಾಜದ ಒಡೆತನಕ್ಕೆ ಬರಬೇಕೆಂದು ಹೇಳುತ್ತ ಬಂದವರು. ಆದರೆ ನಾವು ಕೇಳಿದ್ದು ಇದನ್ನಲ್ಲ. ಭಾರತದ ಸಂವಿಧಾನದ 47ನೆಯ ಅನುಚ್ಛೇದವು ಮಾದಕ ಪಾನೀಯಗಳ ಬಳಕೆಯನ್ನು ನಿಷೇಧಿಸಲು ಪ್ರಯತ್ನಿಸಬೇಕೆಂದು ರಾಜ್ಯಕ್ಕೆ ಹೇಳುತ್ತದೆ. ಹಾಗೆ ಪ್ರಯತ್ನಿಸಬೇಕಾದ ಸರ್ಕಾರ ತಾನೇ ಅಂಗಡಿ ತೆರೆದು ಕೂತಿದೆ. ಸರ್ಕಾರವೇ ಅಂಗಡಿಯವನಾದ ಮೇಲೂ ಕೊಳ್ಳುವವನ ವಯಸ್ಸು ಕೇಳುವುದು ಸಾಧ್ಯವಿಲ್ಲವೆಂದರೆ ನಂಬುವವರು ಯಾರು?

ನಮ್ಮವರೇ ಎತ್ತುವ ಮಾತು

ಈ ವಿಷಯ ಬರೆಯುತ್ತೇವೆಂದಾಗ ನಮ್ಮ ಸಂಗಾತಿಗಳಲ್ಲೇ ಕೆಲವರು ಆಕ್ಷೇಪಿಸಿದರು. ಕುಡಿತ ಬಿಡಿ ಎಂದು ಉಪದೇಶಿಸುವುದು ಮೇಲುಜಾತಿಯವರ ಮಡಿವಂತಿಕೆ. ದುಡಿದು ದಣಿದವನು ಒಂದು ಲೋಟ ಕುಡಿದರೆ ನಿಮಗೇನು ಎಂಬುದು ಅವರ ಪ್ರಶ್ನೆ. ಪ್ರಶ್ನೆ ಪ್ರಾಮಾಣಿಕವಾದದ್ದು. ನಮ್ಮ ಉತ್ತರವೂ ಹಾಗೆಯೇ ಇರಬೇಕು. ವಯಸ್ಕನೊಬ್ಬನ ಲೋಟದಲ್ಲಿ ಇಣುಕಿ ನೋಡುವುದು ನಮ್ಮ ಉದ್ದೇಶವಲ್ಲ. ಆದರೆ ಒಂದೇ ತಪ್ಪಿಗೆ ಇಬ್ಬರು ಹುಡುಗರಿಗೆ ಏನಾಗುತ್ತದೆ ನೋಡಿ. ಉಳ್ಳವರ ಮಗ ರೆಸಾರ್ಟಿನಲ್ಲಿ ಕುಡಿಯುತ್ತಾನೆ; ಕಾರಿನ ಡ್ರೈವರು ಮನೆ ಸೇರಿಸುತ್ತಾನೆ; ಪರೀಕ್ಷೆಯಲ್ಲಿ ಬಿದ್ದರೆ ಹಣ ಕಟ್ಟಿ ಇನ್ನೊಂದು ಕಾಲೇಜು ಸಿಗುತ್ತದೆ; ಚಟ ಹಿಡಿದರೆ ಬೆಂಗಳೂರಿನ ಖಾಸಗಿ ಆಸ್ಪತ್ರೆಯಿದೆ. ಕೂಲಿಯ ಮಗನಿಗೆ ಇವೊಂದೂ ಇಲ್ಲ. ಅವನಿಗಿರುವ ಬಂಡವಾಳವೆಂದರೆ ಎರಡು ಕೈ ಮತ್ತು ಎಚ್ಚರವಾಗಿರುವ ತಲೆ. ಹದಿನಾಲ್ಕನೆಯ ವಯಸ್ಸಿಗೇ ಅವೆರಡನ್ನೂ ಕಿತ್ತುಕೊಳ್ಳುವ ವ್ಯಾಪಾರವನ್ನು ವಿರೋಧಿಸುವುದು ಮಡಿವಂತಿಕೆಯಾದರೆ ಆ ಹೆಸರನ್ನು ನಾವು ಒಪ್ಪಿಕೊಳ್ಳುತ್ತೇವೆ.

ಹಾಗಾದರೆ ಪೂರ್ಣ ಪಾನನಿರೋಧವೇ ಮದ್ದು ಎಂದು ಇನ್ನು ಕೆಲವರು. ಇದರಲ್ಲಿ ನಮಗೆ ಅವಸರವಿಲ್ಲ. 2007ರ ಜುಲೈ 1ರಿಂದ ಈ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದರ ಜಾಗಕ್ಕೆ ಅಗ್ಗದ ವಿಸ್ಕಿಯ ಪ್ಯಾಕೆಟ್ಟು ಬಂತು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರದ ಕಡೆ ಮತ್ತು ನೆರೆಯ ತಮಿಳುನಾಡಿನ ಗಡಿಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಬಡವರು ಸತ್ತರು. ಬಿಹಾರ 2016ರಲ್ಲಿ ಪೂರ್ಣ ನಿಷೇಧ ತಂದಿತು; ಅಲ್ಲಿ ಜೈಲು ತುಂಬಿದವರಲ್ಲಿ ಬಹುಪಾಲು ಬಡವರು. ಹೀಗೆಂದು ನಿಷೇಧ ಕೇಳುವವರನ್ನು ಹಗುರವಾಗಿ ಕಾಣುವುದೂ ಸಲ್ಲದು. 2019ರ ಜನವರಿಯಲ್ಲಿ ಹಳ್ಳಿಯ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಚಳಿಯಲ್ಲಿ ಕಾಲುನಡಿಗೆಯಲ್ಲಿ ಬಂದು ಮದ್ಯ ನಿಷೇಧಿಸಿ ಎಂದು ಕೇಳಿದರು. ಕಾಲು ಬೊಬ್ಬೆಯೆದ್ದ ಆ ತಾಯಂದಿರಿಗೆ ಅಂಕಿ ಅಂಶ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಿಷೇಧದ ಚರ್ಚೆ ನಡೆಯಲಿ. ಆದರೆ ಎಳೆಯರಿಗೆ ಮದ್ಯ ಕೊಡಬಾರದೆಂಬ ವಿಷಯದಲ್ಲಿ ಚರ್ಚೆಯೇ ಇಲ್ಲ. ಕಾನೂನು ಆಗಲೇ ಇದೆ. ನಡೆಸಲು ಮನಸ್ಸಿಲ್ಲ, ಅಷ್ಟೆ.

ನಮ್ಮ ಮನೆಯ ಕಸ

ಇನ್ನು ಹೇಳಲು ಕಷ್ಟವಾದ ಮಾತು. "ಮೂರು ಕಡೆಗೂ ಹೋಗಿದ್ದೆ" ಎಂದನಲ್ಲ ಆ ಹುಡುಗ, ಆ ಮೂರರಲ್ಲಿ ನಮ್ಮದು ಇರಲಿಲ್ಲವೆಂದು ಎದೆ ತಟ್ಟಿ ಹೇಳಲು ನಮಗೆ ಧೈರ್ಯ ಬರಲಿಲ್ಲ. ಹಣವಿಲ್ಲದ ಪಕ್ಷ ನಮ್ಮದು. ಹಂಚಲು ನಮ್ಮಲ್ಲಿ ಏನೂ ಇರಲಿಲ್ಲ ಎಂಬುದು ನಿಜ. ಆದರೆ ಮೆರವಣಿಗೆ ಮುಗಿದ ಮೇಲೆ ಹುಡುಗರು ಎಲ್ಲಿಗೆ ಹೋದರು, ಅವರಿಗೆ ಕೊಡಿಸಿದವರು ಯಾರು ಎಂದು ನಾವು ಕೇಳಲಿಲ್ಲ. ಬಾವುಟ ಹಿಡಿಯಲು ಕೈ ಸಿಕ್ಕಿತಲ್ಲ ಎಂದು ಸಂತೋಷಪಟ್ಟೆವು. ಕೇಳದೆ ಇದ್ದುದೂ ಒಂದು ಅಪರಾಧ.

ಆದ್ದರಿಂದ ಮುಂದಿನ ಚುನಾವಣೆ ಪಂಚಾಯಿತಿಯದೇ ಆಗಲಿ, ವಿಧಾನಸಭೆಯದೇ ಆಗಲಿ, ನಮ್ಮ ಪಕ್ಷದ ಜಿಲ್ಲಾ ಸಮಿತಿ ಈಗಲೇ ನಿರ್ಣಯ ಮಾಡಬೇಕೆಂದು ನಾವು ಈ ಪುಟದಿಂದಲೇ ಒತ್ತಾಯಿಸುತ್ತೇವೆ. 18 ತುಂಬದವರನ್ನು ಪ್ರಚಾರಕ್ಕೆ ಕರೆಯಕೂಡದು. ಮದ್ಯ ಹಂಚಿದ ಕಾರ್ಯಕರ್ತ ಎಷ್ಟೇ ಹಳಬನಾಗಿರಲಿ, ಪಕ್ಷದಲ್ಲಿ ಉಳಿಯಕೂಡದು. ಇದರಿಂದ ನಾಲ್ಕು ಮತ ಹೋದರೆ ಹೋಗಲಿ. ಬೇರೆಯವರಿಗೆ ಬುದ್ಧಿ ಹೇಳುವ ಅಧಿಕಾರ ಉಳಿಯುತ್ತದೆ.

ಸರ್ಕಾರದಿಂದ ನಾವು ಕೇಳುವುದು ಹೆಚ್ಚೇನಲ್ಲ. 90 ಮಿಲಿ ಲೀಟರಿನ ಡಬ್ಬಿಯನ್ನು ನಿಲ್ಲಿಸಲಿ. ಕಾಯಿದೆಯಲ್ಲಿಯೂ ವಯಸ್ಸನ್ನು 21 ಎಂದು ಬರೆಯಲಿ. ಪ್ರತಿ ಅಂಗಡಿಯಲ್ಲೂ ವಯಸ್ಸಿನ ದಾಖಲೆ ಕೇಳುವುದನ್ನು ಕಡ್ಡಾಯ ಮಾಡಲಿ. ಮೊದಲು ತನ್ನ ಸ್ವಂತ ಮಳಿಗೆಗಳಲ್ಲಿ ಮಾಡಿ ತೋರಿಸಲಿ. ಹಳ್ಳಿಯ ಕಿರಾಣಿ ಅಂಗಡಿಗೆ ಪೆಟ್ಟಿಗೆ ಕಳಿಸುವ ಲೈಸೆನ್ಸುದಾರನ ಲೈಸೆನ್ಸು ರದ್ದಾಗಲಿ. ಬಾಲನ್ಯಾಯ ಕಾಯಿದೆಯ 77ನೆಯ ಕಲಮನ್ನು ಕೊಟ್ಟವನ ಮೇಲೆ ಹೂಡಲಿ, ಕುಡಿದ ಮಗುವಿನ ಮೇಲೆ ಲಾಠಿ ಬೇಡ. ಅಬಕಾರಿ ಇಲಾಖೆಯ ಗುರಿ ಎಂಬ ಪದವನ್ನು ಆಯವ್ಯಯದಿಂದ ತೆಗೆಯಲಿ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಒಂದು ದಿನವಾದರೂ ಎಳೆಯರನ್ನು ಕೂರಿಸಿ ಮಾತಾಡಿಸುವ ಮನೋವೈದ್ಯರಿರಲಿ. 40,000 ಕೋಟಿಯ ಆಸೆ ಪಡುವ ಸರ್ಕಾರಕ್ಕೆ ಇದು ದೊಡ್ಡ ಖರ್ಚಲ್ಲ.

ತರುಣ ಓದುಗರಿಗೆ ಎರಡು ಮಾತು. ನೀವು ಕುಡಿಯುತ್ತಿದ್ದರೆ ನಿಮ್ಮನ್ನು ಕೆಟ್ಟವರೆಂದು ನಾವು ಭಾವಿಸುವುದಿಲ್ಲ. ದಿನವೂ ಕುಡಿಯುತ್ತಿದ್ದು, ಬೆಳಿಗ್ಗೆ ಕೈ ನಡುಗುತ್ತಿದ್ದರೆ, ಹಟ ಹಿಡಿದು ಒಂದೇ ದಿನ ಬಿಡಲು ಹೋಗಬೇಡಿ; ಫಿಟ್ಸು ಬರಬಹುದು, ಪ್ರಾಣಕ್ಕೂ ಅಪಾಯ. ವೈದ್ಯರ ಕೈಕೆಳಗೆ ಬಿಡಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗವಿದೆ. 14416 ಎಂಬ ಟೆಲಿ ಮಾನಸ್ ನಂಬರಿಗೆ ಹಗಲು ರಾತ್ರಿ ಎಂದಿಲ್ಲದೆ ಫೋನು ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೀಳುವುದಿಲ್ಲ. ತಂದೆ ತಾಯಿಗಳಿಗೂ ಅದೇ ನಂಬರು. ಎಳೆಯ ದೇಹಕ್ಕೆ ಹಾನಿ ಬೇಗ ಆಗುತ್ತದೆ. ಆದರೆ ಸಮಯಕ್ಕೆ ಕೈ ಹಿಡಿದರೆ ಅದು ಚೇತರಿಸಿಕೊಳ್ಳಲೂ ಬಲ್ಲದು.

ನಮ್ಮ ಕಚೇರಿಗೆ ಬಂದಿದ್ದ ಹುಡುಗ ಈಗ ಹದಿನೈದು ದಿನಕ್ಕೊಮ್ಮೆ ಜಿಲ್ಲಾ ಆಸ್ಪತ್ರೆಗೆ ಹೋಗುತ್ತಾನೆ. ನಡುವೆ ಒಮ್ಮೆ ತಪ್ಪಿದ. ಮತ್ತೆ ತಾನಾಗಿಯೇ ಬಂದ. ಕೈ ಕೂಡಿದೆ, ಆದರೆ ಮರ ಹತ್ತುವಷ್ಟು ಬಲ ಬಂದಿಲ್ಲ. ಸಂಜೆ ಸುಲಿದ ಅಡಿಕೆ ಆರಿಸುವ ಕೆಲಸ ಮಾಡುತ್ತ, ಬಿಟ್ಟ ಹತ್ತನೆಯ ತರಗತಿಯ ಪರೀಕ್ಷೆಗೆ ಹಣ ಕಟ್ಟಿದ್ದಾನೆ. ಆಸ್ಪತ್ರೆಯ ಖರ್ಚನ್ನು ಫಸಲು ಗುತ್ತಿಗೆಯವನು ಇನ್ನೂ ಕೊಟ್ಟಿಲ್ಲ. ಹುಡುಗ ಕುಡಿದಿದ್ದ ಎಂಬುದು ಅವನ ವಾದ. ಕುಡಿಸಿದ್ದು ಯಾರು ಎಂಬುದು ನಮ್ಮ ವಾದ. ಈ ಎರಡನೆಯ ವಾದವನ್ನು ಬರುವ ತಿಂಗಳು ಕಾರ್ಮಿಕ ಅಧಿಕಾರಿಯವರ ಮುಂದೆಯೂ ಪೊಲೀಸು ಠಾಣೆಯಲ್ಲಿಯೂ ಇಡಲಿದ್ದೇವೆ. ಆ ದಿನ ನಮ್ಮ ಜತೆಗೆ ಬರಲು ಇಷ್ಟವಿರುವವರು ಪತ್ರಿಕೆಯ ಕಚೇರಿಗೆ ತಿಳಿಸಬೇಕು.